ಕರುಣೆಯ ಚಿತ್ರ, ಜಪಸರ, ಪುಸ್ತಿಕೆ: ಮುಂಬಯಿಯ ಅಂಗಡಿಗಳಲ್ಲಿ ಏನು ಕೊಳ್ಳಬಹುದು, ಏನು ಬಿಡಬಹುದು

ದೈವಿಕ ಕರುಣೆಯ ಭಕ್ತಿಗೆ, ಅಂದರೆ ಯೇಸುವಿನ ಕರುಣೆಯಲ್ಲಿ ಭರವಸೆ ಇಟ್ಟು ಬೇಡುವ ಕ್ಯಾಥೊಲಿಕ್ ಪ್ರಾರ್ಥನಾ ಪದ್ಧತಿಗೆ ಸಂಬಂಧಿಸಿದ ಸಾಮಾನು ಮುಂಬಯಿಯಲ್ಲಿ ನಾಲ್ಕು ಕಡೆ ಸಿಗುತ್ತದೆ: ಬಾಂದ್ರಾದ ಮೌಂಟ್ ಮೇರಿ ಬೆಸಿಲಿಕಾದ ಎದುರಿನ ಮಳಿಗೆಗಳು, ಕ್ಯಾಥೊಲಿಕ್ ಪುಸ್ತಕದಂಗಡಿಗಳು, ಧರ್ಮಕೇಂದ್ರಗಳ ಆವರಣದ ಪುಟ್ಟ ಕೌಂಟರ್‌ಗಳು, ಆಮೇಲೆ ಆನ್‌ಲೈನ್. ಅಂಧೇರಿಯಿಂದ ವಸಾಯಿವರೆಗೆ, ಆ ಕಡೆ ಡೊಂಬಿವಲಿ, ಕಲ್ಯಾಣದವರೆಗೆ ಹರಡಿಕೊಂಡಿರುವ ಕನ್ನಡ ಓದುವ ಕ್ಯಾಥೊಲಿಕರು, ಅಂದರೆ ಮಂಗಳೂರು, ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರು ಕಡೆಯಿಂದ ಬಂದವರು, ಸಾಮಾನ್ಯವಾಗಿ ಕೇಳುವುದು ಮೂರು ವಸ್ತು: ಗೋಡೆಗೆ ಒಂದು ಚಿತ್ರ, ಕೈಗೊಂದು ಜಪಸರ, ಓದಲು ಒಂದು ಪುಸ್ತಿಕೆ. ಈ ಮೂರನ್ನೇ ಇಲ್ಲಿ ಪರಿಶೀಲಿಸಿದ್ದೇವೆ. ಉಳಿದವನ್ನು ಕೊನೆಯಲ್ಲಿ ಬೇಗ ಮುಗಿಸುತ್ತೇವೆ.

ಮೊದಲೇ ಹೇಳಿಬಿಡುವುದಾದರೆ, ದುಬಾರಿ ವಸ್ತುವಿಗೂ ಒಳ್ಳೆಯ ವಸ್ತುವಿಗೂ ಇಲ್ಲಿ ಸಂಬಂಧ ಕಡಿಮೆ. ‘ಸ್ಪೆಷಲ್’ ಎಂದು ಮಾರುವುದರಲ್ಲಿ ಹೆಚ್ಚಿನದು ಬೇಡವೇ ಬೇಡ. ಸಾಧಾರಣ ಜಪಸರ, ಅಡಿಬರಹ ಸರಿಯಾಗಿರುವ ಒಂದು ಚಿತ್ರ, ಧರ್ಮಾಧ್ಯಕ್ಷರ (ಬಿಷಪ್) ಅನುಮತಿ ಇರುವ ಒಂದು ಪುಸ್ತಿಕೆ, ಇಷ್ಟಿದ್ದರೆ ಈ ಭಕ್ತಿ ನಡೆಸಲು ಕೊರತೆಯಿಲ್ಲ. ಆದರೆ ಈ ಮೂರರಲ್ಲೂ ತಪ್ಪು ಸರಕು ಧಾರಾಳವಾಗಿ ಓಡಾಡುತ್ತಿದೆ.

ಚಿತ್ರದಿಂದ ಶುರು ಮಾಡೋಣ, ಅತಿ ಹೆಚ್ಚು ಎಡವಟ್ಟು ಅಲ್ಲೇ.

ಈ ಭಕ್ತಿಗೆ ಮೂಲವಾದ ಪೋಲೆಂಡಿನ ಕನ್ಯಾಸ್ತ್ರೀ ಸಂತ ಫೌಸ್ತಿನಾ ಕೊವಾಲ್ಸ್ಕಾ ಅವರಿಗೆ 1931ರ ಫೆಬ್ರವರಿ 22ರಂದು ಪ್ವೊತ್ಸ್ಕ್ ಊರಿನ ಕಾನ್ವೆಂಟಿನಲ್ಲಿ ಯೇಸುವಿನ ದರ್ಶನವಾಯಿತು. ಬಿಳಿ ನಿಲುವಂಗಿ, ಆಶೀರ್ವದಿಸಲು ಎತ್ತಿದ ಒಂದು ಕೈ, ಎದೆಯ ಬಳಿ ಅಂಗಿಯನ್ನು ಮುಟ್ಟಿರುವ ಇನ್ನೊಂದು ಕೈ, ಅಲ್ಲಿಂದ ಹೊರಟ ಎರಡು ಕಿರಣ, ಒಂದು ಕೆಂಪು, ಇನ್ನೊಂದು ಮಸುಕು ಬಿಳಿ. ಇದನ್ನು ಬಿಡಿಸಬೇಕು, ಕೆಳಗೆ ‘ಯೇಸುವೇ, ನಿಮ್ಮಲ್ಲಿ ಭರವಸೆ ಇಟ್ಟಿದ್ದೇನೆ’ ಎಂಬ ಮಾತು ಇರಬೇಕು ಎಂದು ಅಪ್ಪಣೆಯಾಯಿತು. ಮಸುಕು ಕಿರಣ ನೀರು, ಕೆಂಪು ಕಿರಣ ರಕ್ತ. ಯೊವಾನ್ನರ ಶುಭಸಂದೇಶದ 19ನೇ ಅಧ್ಯಾಯದ 34ನೇ ವಚನದಲ್ಲಿ ಈಟಿಯಿಂದ ತಿವಿದ ಪಕ್ಕೆಯಿಂದ ಹರಿದದ್ದು ಇವೇ ಎರಡು.

ಮಾರುಕಟ್ಟೆಯಲ್ಲಿ ಕಾಣುವ ಚಿತ್ರಗಳಿಗೆ ಮುಖ್ಯವಾಗಿ ಎರಡು ಮೂಲ. ಒಂದು, ಫೌಸ್ತಿನಾ ಅವರೇ ಪಕ್ಕದಲ್ಲಿದ್ದು ಹೇಳಿಕೊಟ್ಟಂತೆ 1934ರಲ್ಲಿ ವಿಲ್ನಿಯುಸ್ ನಗರದಲ್ಲಿ ಎವ್ಗೆನ್ಯುಶ್ ಕಜಿಮಿರೋವ್ಸ್ಕಿ ಬಿಡಿಸಿದ್ದು. ಇದರಲ್ಲಿ ಯೇಸುವಿನ ನೋಟ ಕೆಳಕ್ಕೆ ಇಳಿದಿದೆ, ಆಶೀರ್ವದಿಸುವ ಕೈ ಭುಜದ ಎತ್ತರಕ್ಕೆ ನಿಂತಿದೆ, ಬಣ್ಣವೆಲ್ಲ ಮಂಕು. ಇನ್ನೊಂದು, ಫೌಸ್ತಿನಾ ತೀರಿಕೊಂಡ ಮೇಲೆ ಅಡೊಲ್ಫ್ ಹಿವಾ ಎಂಬ ಕಲಾವಿದ ಕ್ರಾಕೋವ್‌ನ ವಾಗ್ಯೆವ್ನಿಕಿ ಕಾನ್ವೆಂಟಿಗೆ 1944ರಲ್ಲಿ ಬಿಡಿಸಿಕೊಟ್ಟದ್ದು. ಇದರಲ್ಲಿ ಯೇಸು ನೋಡುವವರನ್ನೇ ನೇರವಾಗಿ ನೋಡುತ್ತಾ ಹೆಜ್ಜೆ ಮುಂದಿಟ್ಟಿದ್ದಾರೆ. ಮುಂಬಯಿಯ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಎರಡನೆಯದು ಅಥವಾ ಅದನ್ನು ನೋಡಿ ಮಾಡಿದ ಹೊಸ ಚಿತ್ರಗಳು. ವಿಲ್ನಿಯುಸ್ ಚಿತ್ರವನ್ನು ಕೇಳಿಯೇ ತರಿಸಿಕೊಳ್ಳಬೇಕು. ಯಾವುದು ‘ಅಸಲಿ’ ಎಂದು ಜಗಳವಾಡುವವರಿದ್ದಾರೆ. ಆ ಜಗಳ ಬೇಡ. ಮೊದಲ ಚಿತ್ರ ದರ್ಶನದಷ್ಟು ಚೆನ್ನಾಗಿಲ್ಲವೆಂದು ಫೌಸ್ತಿನಾ ಅತ್ತಾಗ ಬಂದ ಉತ್ತರ ಅವರ ದಿನಚರಿಯಲ್ಲೇ ಇದೆ: ಚಿತ್ರದ ಹಿರಿಮೆ ಬಣ್ಣದಲ್ಲೂ ಇಲ್ಲ, ಕುಂಚದಲ್ಲೂ ಇಲ್ಲ, ಕೃಪೆಯಲ್ಲಿದೆ ಎಂದು. ಮನೆಗೆ ಯಾವುದು ಒಪ್ಪುತ್ತದೋ ಅದನ್ನು ತನ್ನಿ.

ಆದರೆ ಯಾವುದನ್ನು ತಂದರೂ ನಾಲ್ಕು ಪರೀಕ್ಷೆ ಮಾಡಿ. ಒಂದು: ಎತ್ತಿದ ಕೈ ಬಲಗೈಯೇ? ನೋಡುವವರಿಗೆ ಎಡಕ್ಕೆ ಮಸುಕು ಕಿರಣ, ಬಲಕ್ಕೆ ಕೆಂಪು ಕಿರಣ ಬರಬೇಕು. ಇದು ಅದಲುಬದಲಾಗಿದ್ದರೆ ಯಾರೋ ಕಂಪ್ಯೂಟರಿನಲ್ಲಿ ಚಿತ್ರವನ್ನು ಮಗುಚಿ ಅಚ್ಚು ಹಾಕಿದ್ದಾರೆ ಎಂದರ್ಥ. ಕೀಚೈನ್, ಕಾರಿನ ಸ್ಟಿಕ್ಕರ್, ಮೊಬೈಲ್ ಕವರ್‌ಗಳಲ್ಲಿ ಇದು ಹೆಚ್ಚು. ಎರಡು: ಎದೆಯ ಮೇಲೆ ಹೃದಯದ ಆಕೃತಿ ಕಾಣುತ್ತಿದೆಯೇ? ಕಂಡರೆ ಅದು ಯೇಸುವಿನ ಪವಿತ್ರ ಹೃದಯದ ಚಿತ್ರ, ಅಥವಾ ಎರಡನ್ನೂ ಬೆರೆಸಿದ ಕಲಬೆರಕೆ. ಕರಾವಳಿಯ ಮನೆಗಳ ಪಡಸಾಲೆಯಲ್ಲಿ ಪವಿತ್ರ ಹೃದಯದ ಪಟ ಮೊದಲಿನಿಂದಲೂ ಇರುವುದರಿಂದ ಅಂಗಡಿಯವರಿಗೂ ಗೊಂದಲ. ಅದು ಬೇರೆ ಭಕ್ತಿ, ಅದರ ಹಬ್ಬವೂ ಬೇರೆ. ಮೂರು: ಮಸುಕು ಕಿರಣವನ್ನು ಕಡುನೀಲಿ ಮಾಡಿದ್ದಾರೆಯೇ? ಎದ್ದು ಕಾಣಲಿ ಎಂದು ಹೀಗೆ ಮಾಡುತ್ತಾರೆ, ನೀರಿನ ಅರ್ಥ ಹೋಗಿ ಟಾರ್ಚ್ ಬೆಳಕಿನ ಹಾಗೆ ಕಾಣುತ್ತದೆ. ನಾಲ್ಕು: ಅಡಿಬರಹ ಇದೆಯೇ? ಇದು ಎಲ್ಲಕ್ಕಿಂತ ಮುಖ್ಯ. ಕಿರಣಗಳು ಕರುಣೆ ನಮ್ಮ ಕಡೆ ಬರುವುದನ್ನು ತೋರಿಸುತ್ತವೆ, ಅಡಿಬರಹ ನಾವು ಕೊಡಬೇಕಾದ ಉತ್ತರ. ಉತ್ತರವಿಲ್ಲದ ಚಿತ್ರ ಅರ್ಧ ಚಿತ್ರವೇ.

ಅಡಿಬರಹ ಇದ್ದ ಚಿತ್ರವನ್ನೂ ಫ್ರೇಮ್ ಅಂಗಡಿಯಲ್ಲಿ ಕಳೆದುಕೊಳ್ಳುವವರು ಬಹಳ. ಮರದ ಪಟ್ಟಿಯ ಒಳಗಿನ ತೋಡು ನಾಲ್ಕೂ ಕಡೆ ಐದಾರು ಮಿಲಿಮೀಟರ್ ನುಂಗುತ್ತದೆ. ಜೊತೆಗೆ ಅಂದಕ್ಕೆಂದು ಬಣ್ಣದ ಮೌಂಟ್ (ಚಿತ್ರದ ಸುತ್ತಲಿನ ದಪ್ಪ ಕಾಗದದ ಅಂಚು) ಹಾಕಿದರೆ ಇನ್ನೊಂದು ಇಂಚು ಹೋಯಿತು. ಪೋಸ್ಟರಿನ ಅಕ್ಷರಗಳು ಕಾಗದದ ಅಂಚಿಗೇ ಇರುವುದರಿಂದ ಮೊದಲು ಮುಚ್ಚಿಹೋಗುವುದು ಅವೇ. ಕೊಳ್ಳುವಾಗಲೇ ಅಕ್ಷರದ ಕೆಳಗೆ ಒಂದು ಇಂಚಾದರೂ ಖಾಲಿ ಜಾಗ ಇರುವ ಪ್ರತಿ ಆರಿಸಿ. ಫ್ರೇಮಿನವನಿಗೆ ‘ಭಾಯ್, ನೀಚೇ ಕಾ ಲಿಖಾ ಹುಆ ಕಟನಾ ನಹೀ ಚಾಹಿಯೇ’ (ಕೆಳಗಿನ ಬರಹ ಕತ್ತರಿಸಿಹೋಗಬಾರದು) ಎಂದು ಹೇಳಿ, ಚಿತ್ರದ ಮೇಲೆ ಫ್ರೇಮಿನ ಮೂಲೆ ಇಡಿಸಿ ನೋಡಿಯೇ ಅಳತೆ ಬರೆಸಿ. ಕನ್ನಡ ಅಡಿಬರಹದ ದೊಡ್ಡ ಅಳತೆಯ ಚಿತ್ರ ಇಲ್ಲಿ ಸುಲಭವಾಗಿ ಸಿಗುವುದಿಲ್ಲ. ಊರಿಗೆ ಹೋದಾಗ ತರಬಹುದು. ಇಲ್ಲವೇ ಬರಹವಿಲ್ಲದ ಒಳ್ಳೆಯ ಪ್ರಿಂಟ್ ತೆಗೆದುಕೊಂಡು, ಕನ್ನಡದ ಸಾಲನ್ನು ಬೇರೆ ಪಟ್ಟಿಯಲ್ಲಿ ಅಚ್ಚು ಹಾಕಿಸಿ, ಒಂದೇ ಫ್ರೇಮಿನಲ್ಲಿ ಕೆಳಗೆ ಕೂರಿಸಬಹುದು. ಇದಕ್ಕೆ ಯಾರ ಅಡ್ಡಿಯೂ ಇಲ್ಲ.

ಇನ್ನು ಕಾಗದ, ಶಾಯಿ. ಅಗ್ಗದ ಪೋಸ್ಟರುಗಳು ನಾಲ್ಕು ಬಣ್ಣದ ಆಫ್‌ಸೆಟ್ ಮುದ್ರಣದವು. ಬಿಸಿಲಿಗೆ ಇವುಗಳ ಕೆಂಪು, ಹಳದಿ ಶಾಯಿಗಳು ಮೊದಲು ಹಾರುತ್ತವೆ, ನೀಲಿ ಮತ್ತು ಕಪ್ಪು ಉಳಿಯುತ್ತವೆ. ಬೇರೆ ಚಿತ್ರಗಳಲ್ಲಾದರೆ ಬರೀ ಮಂಕಾಯಿತು ಎನ್ನಬಹುದು. ಈ ಚಿತ್ರದಲ್ಲಿ ಮಾತ್ರ ಕೆಂಪು ಕಿರಣವೇ ಮಾಯವಾಗಿ ಎರಡೂ ಬಿಳಿಚಿಕೊಳ್ಳುತ್ತವೆ, ಯಾವುದು ರಕ್ತ, ಯಾವುದು ನೀರು ಎಂದು ಗುರುತೇ ಸಿಗುವುದಿಲ್ಲ. ಆದ್ದರಿಂದ ಪಶ್ಚಿಮದ ಕಿಟಕಿಯ ಎದುರಿನ ಗೋಡೆಗೆ ತೂಗುಹಾಕಲೇಬೇಡಿ. ಡಿಜಿಟಲ್ ಪ್ರಿಂಟ್ ತೆಗೆದುಕೊಳ್ಳುವುದಾದರೆ ಪಿಗ್ಮೆಂಟ್ ಶಾಯಿಯದೇ ಎಂದು ಕೇಳಿ. ಒದ್ದೆ ಬೆರಳಿನಿಂದ ಅಂಚನ್ನು ಉಜ್ಜಿದಾಗ ಬಣ್ಣ ಬಿಟ್ಟರೆ ಅದು ಡೈ ಶಾಯಿ, ಬೇಗ ಹೋಗುತ್ತದೆ. ಲ್ಯಾಮಿನೇಶನ್ ನೀರನ್ನು ತಡೆಯುತ್ತದೆ, ಬಿಸಿಲನ್ನಲ್ಲ. ಇದನ್ನು ಅಂಗಡಿಯವರು ಹೇಳುವುದಿಲ್ಲ.

ಮುಂಬಯಿಯ ಮಳೆಗಾಲಕ್ಕೆ ತಡೆಯುವ ಹಾಗೆ ಫ್ರೇಮ್ ಮಾಡಿಸುವುದು ಇನ್ನೊಂದು ಕೆಲಸ. ಹಿಂದಕ್ಕೆ ಹಾರ್ಡ್‌ಬೋರ್ಡ್ ಅಥವಾ ಎಂಡಿಎಫ್ (ಮರದ ನಾರಿನ ಹಲಗೆ) ಹಾಕಿದರೆ ಜುಲೈ ಹೊತ್ತಿಗೆ ಉಬ್ಬಿ ಬಾಗುತ್ತದೆ. ಸನ್‌ಬೋರ್ಡ್ ಎಂಬ ಹಗುರ ಪ್ಲಾಸ್ಟಿಕ್ ಹಾಳೆ ಹಾಕಿಸಿ, ಅದಕ್ಕೆ ತೇವ ಹತ್ತುವುದಿಲ್ಲ. ಹೊಳಪು ಕಾಗದದ ಪ್ರಿಂಟ್ ಗಾಜಿಗೆ ನೇರವಾಗಿ ತಾಗಿಕೊಂಡಿದ್ದರೆ ತೇವಕ್ಕೆ ಅಂಟಿಬಿಡುತ್ತದೆ, ಆಮೇಲೆ ಬಿಡಿಸಲು ಹೋದರೆ ಮುಖವೇ ಕಿತ್ತುಬರುತ್ತದೆ. ನಡುವೆ ಎರಡು ಮಿಲಿಮೀಟರ್ ಪಟ್ಟಿ ಕೊಟ್ಟು ಗಾಜನ್ನು ದೂರ ಇಡಿಸಿ. ಹಿಂಬದಿಯ ಕೆಳಗಿನ ಎರಡು ಮೂಲೆಗೆ ರಬ್ಬರ್ ಗುಂಡಿ ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿಯಾಡುತ್ತದೆ, ಬೂಷ್ಟು ಹಿಡಿಯುವುದಿಲ್ಲ. ಹೊರಗೋಡೆಯಲ್ಲಿ ಲೀಕೇಜ್ ಇರುವ ಹಳೆಯ ಕಟ್ಟಡಗಳಲ್ಲಿ ಒಳಗೋಡೆಯೇ ಸರಿ.

ಒಳಗಿನಿಂದ ಬೆಳಗುವ ಎಲ್‌ಇಡಿ ಪೆಟ್ಟಿಗೆಯ ಚಿತ್ರಗಳೂ ಬಂದಿವೆ. ನಮಗೆ ಮೆಚ್ಚುಗೆಯಾಗಲಿಲ್ಲ. ಹಗುರ ಅಡಾಪ್ಟರ್ ಹಗಲಿರುಳು ಬಿಸಿಯಾಗಿರುತ್ತದೆ, ಒಂದು ಪಟ್ಟಿಯ ದೀಪ ಕೆಟ್ಟರೆ ಒಂದು ಕಿರಣ ಮಾತ್ರ ಉರಿಯುತ್ತದೆ. ಬಣ್ಣ ಬದಲಾಯಿಸುವ ಮಾದರಿಗಳಲ್ಲಿ ಕಿರಣ ಹಸಿರಾಗುವುದೂ ಉಂಟು, ಅದಕ್ಕೇನೆನ್ನೋಣ.

ಜಪಸರಕ್ಕೆ ಬಂದರೆ, ಅರ್ಧ ಕೆಂಪು ಅರ್ಧ ಬಿಳಿ ಮಣಿಗಳ, ನಡುವೆ ಫೌಸ್ತಿನಾ ಅವರ ಪದಕ ಇರುವ ‘ಕರುಣೆಯ ಜಪಸರ’ವನ್ನು ಸಾಮಾನ್ಯದ್ದಕ್ಕಿಂತ ಹೆಚ್ಚಿನ ಬೆಲೆಗೆ ಮಾರುತ್ತಾರೆ. ನೋಡಲು ಚೆಂದ, ಅಷ್ಟೇ. 1935ರ ಸೆಪ್ಟೆಂಬರಿನಲ್ಲಿ ವಿಲ್ನಿಯುಸ್‌ನಲ್ಲಿ ಫೌಸ್ತಿನಾ ಅವರಿಗೆ ಕರುಣೆಯ ಜಪ, ಅಂದರೆ ಮಣಿ ಎಣಿಸುತ್ತಾ ಹೇಳುವ ಈ ಭಕ್ತಿಯ ಪ್ರಾರ್ಥನೆ ದೊರೆತಾಗ ಸಾಮಾನ್ಯ ಜಪಸರದ ಮಣಿಗಳ ಮೇಲೆಯೇ ಹೇಳಬೇಕೆಂಬ ಸೂಚನೆಯಿತ್ತು. ಮನೆಯಲ್ಲಿ ಅಜ್ಜಿಯ ಕಾಲದ ಸರ ಇದ್ದರೆ ಹೊಸದು ಬೇಡ.

ಹೊಸದೇ ಬೇಕೆಂದರೆ ಮಳಿಗೆಯಲ್ಲಿ ನಿಂತೇ ಮಣಿ ಎಣಿಸಿ. ಐದು ಹತ್ತುಗಳಿಗೆ 50, ಅವುಗಳ ನಡುವೆ 4, ಶಿಲುಬೆಯ ಕಡೆ ಇಳಿಬಿದ್ದ ತುಂಡಿನಲ್ಲಿ 5, ಒಟ್ಟು 59. ಅಗ್ಗದ ಪ್ಲಾಸ್ಟಿಕ್ ಸರಗಳಲ್ಲಿ ಒಂದು ಹತ್ತರಲ್ಲಿ ಒಂಬತ್ತೋ ಹನ್ನೊಂದೋ ಇರುವುದು ಅಪರೂಪವಲ್ಲ. ಕಣ್ಣು ಮುಚ್ಚಿ ಬೆರಳಿನಲ್ಲೇ ಲೆಕ್ಕ ಇಡುವವರಿಗೆ ಇದು ಕಿರಿಕಿರಿ. ದೊಡ್ಡ ಮಣಿಗೂ ಚಿಕ್ಕ ಮಣಿಗೂ ಬೆರಳಿಗೆ ಗೊತ್ತಾಗುವಷ್ಟು ವ್ಯತ್ಯಾಸ ಅಥವಾ ನಡುವೆ ಅಂತರ ಇರಬೇಕು.

ಸರ ಹರಿಯುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ: ಮೂರು ಎಳೆ ಸೇರುವ ನಡುವಿನ ಪದಕದ ಬಳಿ. ಅಲ್ಲಿನ ಉಂಗುರದ ಬಾಯಿ ಸರಿಯಾಗಿ ಕೂಡಿರುವುದಿಲ್ಲ. ಉಗುರು ತೂರಿಸಿ ನೋಡಿ, ಸಂದಿಗೆ ಉಗುರು ಸಿಕ್ಕಿದರೆ ಬೇಡ. ಸರಪಳಿಯ ಸರದಲ್ಲಿ ಪ್ರತಿ ಮಣಿಯ ತಂತಿ ತನ್ನ ಮೇಲೇ ಎರಡು ಸುತ್ತು ಸುತ್ತಿಕೊಂಡಿದ್ದರೆ ಗಟ್ಟಿ, ಬರೀ ಬಗ್ಗಿಸಿ ಬಿಟ್ಟಿದ್ದರೆ ತಿಂಗಳೊಳಗೆ ಬಿಚ್ಚುತ್ತದೆ. ರಿಪೇರಿ ಮನೆಯಲ್ಲೇ ಆಗುತ್ತದೆ, ಎರಡು ನೋಸ್ ಪ್ಲೈಯರ್ ಸಾಕು. ಉಂಗುರದ ಎರಡು ತುದಿಯನ್ನು ಹಿಂದಕ್ಕೆ ಮುಂದಕ್ಕೆ ತಿರುಚಿ ತೆರೆಯಬೇಕು, ಹಾಗೇ ಮುಚ್ಚಬೇಕು. ಅಗಲಿಸಿ ತೆರೆದರೆ ಅದರ ದುಂಡು ಆಕಾರ ಹೋಗಿ ಮತ್ತೆ ಬಾಯಿ ಕೂಡುವುದಿಲ್ಲ.

ಮುಂಬಯಿಯ ಬೆವರಿಗೆ ಬೆಳ್ಳಿ ನೀರು ಕುಡಿಸಿದ ಲೋಹ ಬೇಗ ಕಪ್ಪಾಗುತ್ತದೆ, ಒಳಗಿನ ಹಿತ್ತಾಳೆ ಹಸಿರು ಬಿಡುತ್ತದೆ. ಲೋಕಲ್ ಟ್ರೈನಿನಲ್ಲಿ ದಿನಾ ಜೇಬಿನಿಂದ ತೆಗೆದು ಹಾಕುವವರಿಗೆ ನೈಲಾನ್ ದಾರದ, ಪ್ರತಿ ಮಣಿಯ ಪಕ್ಕ ಗಂಟು ಹಾಕಿದ ಸರವೇ ಉತ್ತಮ: ಸದ್ದಿಲ್ಲ, ತುಕ್ಕಿಲ್ಲ, ಬೆಲೆಯೂ ಕಡಿಮೆ. ಮರದ ಮಣಿ ಹಗುರ, ಆದರೆ ವಾರ್ನಿಷ್ ಇಲ್ಲದ್ದು ಮಳೆಗಾಲದಲ್ಲಿ ಬಣ್ಣ ಬಿಟ್ಟು ಅಂಗಿಯ ಜೇಬಿಗೆ ಹತ್ತುತ್ತದೆ. ಗಾಜಿನದು ಮನೆಗೆ ಸರಿ. ನೂಕುನುಗ್ಗಲಿನಲ್ಲಿ ನಿಂತು ಹೋಗುವವರಿಗೆ ಹತ್ತು ಗುಬುಟಿನ ಬೆರಳುಂಗುರವೂ ಆದೀತು, ಆದರೆ ಐದು ಸುತ್ತಿನ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಳ್ಳಬೇಕು.

ಜಪದ ಕ್ರಮವನ್ನು ಇಲ್ಲಿ ಬರೆಯುವುದಕ್ಕೆ ಕಾರಣವಿದೆ. ಪುಸ್ತಿಕೆಗಳ ತಪ್ಪು ಹಿಡಿಯಲು ಅದೇ ಅಳತೆಗೋಲು. ಶಿಲುಬೆಯ ಗುರುತು ಹಾಕಿ, ಇಳಿಬಿದ್ದ ತುಂಡಿನ ಮೂರು ಚಿಕ್ಕ ಮಣಿಗಳ ಮೇಲೆ ಕ್ರಮವಾಗಿ ಪರಲೋಕ ಪ್ರಾರ್ಥನೆ, ನಮೋ ಮರಿಯಾ, ಪ್ರೇಷಿತರ ವಿಶ್ವಾಸ ಸಂಗ್ರಹ ಹೇಳಬೇಕು. ಆಮೇಲೆ ಪ್ರತಿ ದೊಡ್ಡ ಮಣಿಯ ಮೇಲೆ ನಿತ್ಯ ಪಿತನಿಗೆ ಅವರ ಪುತ್ರರ ಶರೀರ, ರಕ್ತ, ಆತ್ಮ, ದೈವತ್ವವನ್ನು ನಮ್ಮ ಮತ್ತು ಇಡೀ ಜಗತ್ತಿನ ಪಾಪಗಳ ಪ್ರಾಯಶ್ಚಿತ್ತಕ್ಕಾಗಿ ಅರ್ಪಿಸುವ ಪ್ರಾರ್ಥನೆ. ಪ್ರತಿ ಚಿಕ್ಕ ಮಣಿಯ ಮೇಲೆ, ಯೇಸುವಿನ ಯಾತನೆಯ ಸಲುವಾಗಿ ನಮ್ಮ ಮೇಲೂ ಇಡೀ ಜಗತ್ತಿನ ಮೇಲೂ ಕರುಣೆ ತೋರಿ ಎಂಬ ಬೇಡಿಕೆ. ಐದು ಹತ್ತು ಮುಗಿದ ಮೇಲೆ ‘ಪವಿತ್ರ ದೇವರೇ, ಪವಿತ್ರ ಸರ್ವಶಕ್ತರೇ, ಪವಿತ್ರ ಅಮರರೇ’ ಎಂದು ಆರಂಭವಾಗುವ ಪ್ರಾರ್ಥನೆ ಮೂರು ಸಲ. ಅಷ್ಟೇ. ಪ್ರತಿ ಹತ್ತರ ಕೊನೆಗೆ ಪಿತನಿಗೂ ಸುತನಿಗೂ ಮಹಿಮೆ ಹೇಳುವುದು ಮಾತೆಯ ಜಪಸರದ ಅಭ್ಯಾಸಬಲ, ಈ ಜಪದಲ್ಲಿ ಅದಿಲ್ಲ. ಅದರಲ್ಲಿರುವಂತೆ ರಹಸ್ಯಗಳನ್ನು (ಯೇಸು, ಮರಿಯರ ಜೀವನದ ಘಟನೆಗಳನ್ನು) ಘೋಷಿಸುವ ಪದ್ಧತಿಯೂ ಇಲ್ಲ. ಭಾನುವಾರದ ಪೂಜೆಯಲ್ಲಿ ಹೇಳುವ ಉದ್ದದ ವಿಶ್ವಾಸ ಸಂಗ್ರಹವೂ ಅಲ್ಲ, ಚಿಕ್ಕದು. ಅವಸರವಿಲ್ಲದೆ ಹೇಳಿದರೂ ಹತ್ತು ನಿಮಿಷದ ಒಳಗೆ ಮುಗಿಯುತ್ತದೆ. ಅಂಧೇರಿಯಲ್ಲಿ ಸ್ಲೋ ಲೋಕಲ್ ಹತ್ತಿದವರು ಬಾಂದ್ರಾ ಬರುವ ಮೊದಲೇ ಮುಗಿಸಬಹುದು.

ಪುಸ್ತಿಕೆಗಳಲ್ಲಿ ಮೊದಲು ನೋಡಬೇಕಾದ್ದು ಲಿಪಿ. ಕೊಂಕಣಿ ಪುಸ್ತಿಕೆ ಕೇಳಿದರೆ ಮುಂಬಯಿಯಲ್ಲಿ ಗೋವಾದ ರೋಮನ್ ಲಿಪಿಯದ್ದನ್ನೇ ಕೊಡುವುದುಂಟು. ಮಂಗಳೂರಿನವರು ಓದುವ ಕನ್ನಡ ಲಿಪಿಯ ಕೊಂಕಣಿ ಬೇರೆ, ಕನ್ನಡ ಭಾಷೆಯ ಪುಸ್ತಿಕೆ ಬೇರೆ. ಮುಖಪುಟ ಒಂದೇ ಥರ ಇರುವುದರಿಂದ ಒಳಪುಟ ತೆರೆದು ನೋಡಿ. ವಯಸ್ಸಾದವರಿಗಾದರೆ ಅಕ್ಷರದ ಗಾತ್ರ ನೋಡಿ. ಪರ್ಸಿನಲ್ಲಿ ಇಡುವ ಮಡಚುಪತ್ರಗಳ ಅಕ್ಷರ ಓದಲಾರದಷ್ಟು ಸಣ್ಣ, ಮಡಿಕೆಯ ಮೇಲೆ ಬಂದ ಸಾಲು ತಿಂಗಳೊಳಗೆ ಅಳಿಸಿಹೋಗುತ್ತದೆ. ಮಡಿಕೆಯ ಜಾಗ ಖಾಲಿ ಬಿಟ್ಟು ಅಚ್ಚು ಮಾಡಿದ್ದೂ ಸಿಗುತ್ತದೆ, ಹುಡುಕಬೇಕು.

ಎರಡನೆಯದು ಅನುಮತಿ. ಕ್ಯಾಥೊಲಿಕ್ ಕಾನೂನು ಸಂಹಿತೆಯ 826ನೇ ವಿಧಿಯ ಪ್ರಕಾರ ಪ್ರಾರ್ಥನಾ ಪುಸ್ತಕ ಪ್ರಕಟಿಸಲು ಸ್ಥಳೀಯ ಧರ್ಮಾಧ್ಯಕ್ಷರ ಅನುಮತಿ ಬೇಕು. ಒಳಪುಟದಲ್ಲಿ ಅದು ಅಚ್ಚಾಗಿರುತ್ತದೆ. ಅದಿಲ್ಲದೆ, ಯಾವುದೋ ಹರಕೆ ತೀರಿಸಲು ಯಾರೋ ಅಚ್ಚು ಹಾಕಿಸಿ ಚರ್ಚಿನ ಬೆಂಚಿನ ಮೇಲೆ ಇಟ್ಟುಹೋದ ಪತ್ರಗಳಲ್ಲೇ ತಪ್ಪು ಹೆಚ್ಚು. ದೊಡ್ಡ ಮಣಿಯ ಪ್ರಾರ್ಥನೆಯಲ್ಲಿ ‘ಆತ್ಮ’ ಬಿಟ್ಟುಹೋಗಿರುತ್ತದೆ, ಚಿಕ್ಕ ಮಣಿಯದ್ದರಲ್ಲಿ ‘ಇಡೀ ಜಗತ್ತಿನ ಮೇಲೂ’ ಹಾರಿಹೋಗಿರುತ್ತದೆ. ಎರಡನೆಯದು ಸಣ್ಣ ತಪ್ಪಲ್ಲ, ಜಪ ತನ್ನ ಮನೆಯ ಬೇಡಿಕೆಗಷ್ಟೇ ಕುಗ್ಗಿಬಿಡುತ್ತದೆ. ‘ಒಂಬತ್ತು ಪ್ರತಿ ಹಂಚಿದರೆ ಕೆಲಸವಾಗುತ್ತದೆ, ಹಂಚದಿದ್ದರೆ ಕೆಡುಕು’ ಎಂದು ಕೊನೆಯಲ್ಲಿ ಬರೆದಿದ್ದರೆ ಅಲ್ಲೇ ಇಟ್ಟುಬನ್ನಿ. ಭರವಸೆಯ ಮೇಲೆ ನಿಂತ ಭಕ್ತಿಗೆ ಹೆದರಿಕೆಯ ಬಾಲ ಅಂಟಿಸಿದವರು ಯಾರೋ.

ಪಠ್ಯದ ಬಗ್ಗೆ ಇಷ್ಟು ಕಟ್ಟುನಿಟ್ಟು ಯಾಕೆಂದರೆ ಈ ಭಕ್ತಿಯೇ ಒಮ್ಮೆ ಪಠ್ಯದ ದೋಷಕ್ಕೆ ಸಿಕ್ಕಿಬಿದ್ದಿತ್ತು. ಫೌಸ್ತಿನಾ ಅವರ ದಿನಚರಿಯ ಸರಿಯಿಲ್ಲದ ಅನುವಾದಗಳು ರೋಮ್ ತಲುಪಿದ್ದವು, ಮೂಲವನ್ನು ಪರಿಶೀಲಿಸಲು ಆಗ ಅನುಕೂಲವಿರಲಿಲ್ಲ. 1959ರಲ್ಲಿ ಅವರು ಹೇಳಿದ ರೂಪದ ಚಿತ್ರ ಮತ್ತು ಬರಹಗಳ ಪ್ರಸಾರಕ್ಕೆ ನಿಷೇಧ ಬಂತು. ಅದು ತೆರವಾದದ್ದು 1978ರ ಏಪ್ರಿಲ್ 15ರಂದು. ಅಷ್ಟರಲ್ಲಿ ಕ್ರಾಕೋವ್‌ನಲ್ಲಿ ಅವರ ಜೀವನದ ವಿಚಾರಣೆಯನ್ನು ಆರಂಭಿಸಿದ್ದ ಧರ್ಮಾಧ್ಯಕ್ಷರೇ ಅದೇ ವರ್ಷ ಪೋಪ್ ದ್ವಿತೀಯ ಜಾನ್ ಪಾಲ್ ಆದರು, 2000ದ ಏಪ್ರಿಲ್ 30ರಂದು ಫೌಸ್ತಿನಾ ಅವರನ್ನು ಸಂತರೆಂದು ಸಾರಿ, ಪಾಸ್ಖದ (ಈಸ್ಟರ್) ಮುಂದಿನ ಭಾನುವಾರವನ್ನು ಇಡೀ ಧರ್ಮಸಭೆಗೆ ಕರುಣೆಯ ಭಾನುವಾರವೆಂದು ಘೋಷಿಸಿದರು.

ಒಳ್ಳೆಯ ಪುಸ್ತಿಕೆಯಲ್ಲಿ ನವದಿನದ ಪ್ರಾರ್ಥನೆ ದಿನವಾರು ಇರಬೇಕು. ಅದು ಶುಭ ಶುಕ್ರವಾರ ಆರಂಭವಾಗಿ ಕರುಣೆಯ ಭಾನುವಾರದ ಹಿಂದಿನ ಶನಿವಾರ ಮುಗಿಯುತ್ತದೆ. 2027ರಲ್ಲಿ ಮಾರ್ಚ್ 26ರಿಂದ ಏಪ್ರಿಲ್ 3, ಹಬ್ಬ ಏಪ್ರಿಲ್ 4. ಪ್ರತಿ ದಿನ ಒಂದೊಂದು ಗುಂಪಿಗಾಗಿ ಪ್ರಾರ್ಥನೆ: ಮೊದಲ ದಿನ ಇಡೀ ಮಾನವಕುಲ, ವಿಶೇಷವಾಗಿ ಪಾಪಿಗಳು. ಎರಡನೆಯ ದಿನ ಗುರುಗಳು ಮತ್ತು ಕನ್ಯಾಸ್ತ್ರೀಯರು, ಮೂರನೆಯ ದಿನ ಭಕ್ತರು, ನಾಲ್ಕನೆಯ ದಿನ ಯೇಸುವನ್ನು ಇನ್ನೂ ಅರಿಯದವರು, ಐದನೆಯ ದಿನ ಧರ್ಮಸಭೆಯಿಂದ ಬೇರೆಯಾದ ಕ್ರೈಸ್ತರು, ಆರನೆಯ ದಿನ ದೀನರು ಮತ್ತು ಮಕ್ಕಳು, ಏಳನೆಯ ದಿನ ಕರುಣೆಯನ್ನು ಆರಾಧಿಸುವವರು, ಎಂಟನೆಯ ದಿನ ಶುದ್ಧೀಕರಣ ಸ್ಥಳದ ಆತ್ಮಗಳು, ಒಂಬತ್ತನೆಯ ದಿನ ಉತ್ಸಾಹ ಬತ್ತಿದವರು. ಈ ಪಟ್ಟಿಯಲ್ಲಿ ‘ನನ್ನ ಬೇಡಿಕೆ’ ಎಂಬ ದಿನವೇ ಇಲ್ಲ ಎಂಬುದನ್ನು ಗಮನಿಸಿ. ಒಂಬತ್ತೂ ದಿನಕ್ಕೆ ‘ನಿಮ್ಮ ಕೋರಿಕೆ ಇಲ್ಲಿ ಹೇಳಿ’ ಎಂದು ಖಾಲಿ ಜಾಗ ಬಿಟ್ಟು ಉಳಿದದ್ದನ್ನು ಕತ್ತರಿಸಿದ ಪುಸ್ತಿಕೆಗಳು ವ್ಯಾಪಾರಕ್ಕೆ ಚೆನ್ನ, ಪ್ರಾರ್ಥನೆಗಲ್ಲ. ಕರುಣೆಯನ್ನು ಕೃತಿಯಲ್ಲಿ, ಮಾತಿನಲ್ಲಿ, ಪ್ರಾರ್ಥನೆಯಲ್ಲಿ ಇತರರಿಗೂ ತೋರಿಸಬೇಕೆಂದು ದಿನಚರಿ ನೇರವಾಗಿ ಕೇಳುತ್ತದೆ. ಅದನ್ನು ಒಂದು ಪುಟದಲ್ಲಾದರೂ ಹೇಳದ ಪುಸ್ತಿಕೆಗೆ ನಾವು ಅರ್ಧ ಅಂಕವನ್ನೂ ಕೊಡುವುದಿಲ್ಲ.

ದಿನಚರಿಯನ್ನೇ ಕೊಳ್ಳುವವರು ಪ್ಯಾರಾಗಳಿಗೆ 1ರಿಂದ 1828ರವರೆಗೆ ಸಂಖ್ಯೆ ಕೊಟ್ಟಿರುವ ಪ್ರತಿ ಆರಿಸಿ. ಪ್ರವಚನಗಳಲ್ಲಿ, ಲೇಖನಗಳಲ್ಲಿ ಉಲ್ಲೇಖಿಸುವುದು ಪುಟದ ಸಂಖ್ಯೆಯನ್ನಲ್ಲ, ಇದನ್ನೇ. ಆಯ್ದ ಭಾಗಗಳ ಕಿರು ಆವೃತ್ತಿಗಳಲ್ಲಿ ಭರವಸೆಯ ವಾಗ್ದಾನಗಳು ಮಾತ್ರ ಇದ್ದು, ಫೌಸ್ತಿನಾ ಅವರ ಕತ್ತಲೆಯ ದಿನಗಳು, ಕಾಯಿಲೆ, ಅಡುಗೆಮನೆಯ ದುಡಿಮೆ ಬಿಟ್ಟುಹೋಗಿರುತ್ತವೆ. ವಾಗ್ದಾನಗಳಿಗೆ ತೂಕ ಬರುವುದು ಆ ಕಷ್ಟದ ದಿನಗಳ ಬರಹದ ನಡುವೆ ಓದಿದಾಗ.

ಯೇಸು ಶಿಲುಬೆಯ ಮೇಲೆ ಪ್ರಾಣಬಿಟ್ಟ ಗಳಿಗೆಯೆಂದು ಮಧ್ಯಾಹ್ನ ಮೂರು ಗಂಟೆಗೆ ಎಚ್ಚರಿಸುವ ಆ್ಯಪ್‌ಗಳಿವೆ. ಆ್ಯಪ್ ಬೇಡ, ಮೊಬೈಲಿನ ಅಲಾರಂ ಸಾಕು. ಜಾಹೀರಾತು ಬರುವ ಆ್ಯಪ್‌ಗಳು ಜಪದ ನಡುವೆ ಸಾಲದ ಜಾಹೀರಾತು ತೋರಿಸುತ್ತವೆ. ಜಪವನ್ನು ಮೂರು ಗಂಟೆಗೇ ಹೇಳಬೇಕು ಎಂಬುದು ತಪ್ಪು ತಿಳಿವಳಿಕೆ, ಅದನ್ನು ಯಾವಾಗ ಬೇಕಾದರೂ ಹೇಳಬಹುದು. ಮೂರರ ಗಳಿಗೆಗೆ ದಿನಚರಿಯ 1572ನೇ ಪ್ಯಾರಾ ಕೇಳುವುದೇ ಬೇರೆ: ಬಿಡುವಿದ್ದರೆ ಶಿಲುಬೆ ಹಾದಿ, ಇಲ್ಲದಿದ್ದರೆ ಚರ್ಚಿನಲ್ಲಿ ಪರಮಪ್ರಸಾದದ (ಯೇಸುವಿನ ಶರೀರವೆಂದು ನಂಬುವ ಪವಿತ್ರ ರೊಟ್ಟಿಯ) ಮುಂದೆ ಒಂದು ಕ್ಷಣ, ಅದೂ ಆಗದಿದ್ದರೆ ಇದ್ದಲ್ಲೇ ಒಂದು ಕ್ಷಣ. ಆಫೀಸಿನ ಮೀಟಿಂಗಿನಲ್ಲಿ ಕುಳಿತವರಿಗೂ ಮೂರನೆಯದಕ್ಕೆ ಅಡ್ಡಿಯಿಲ್ಲ.

ಹಬ್ಬದ ಭಾನುವಾರ ಚರ್ಚುಗಳಲ್ಲಿ ಪಾಪನಿವೇದನೆಯ ಸಾಲು ಹೊರಗಿನ ಪಾರ್ಕಿಂಗ್‌ವರೆಗೆ ಬೆಳೆಯುವುದಕ್ಕೂ ಹೀಗೇ ಒಂದು ತಪ್ಪು ತಿಳಿವಳಿಕೆ ಕಾರಣ. ವ್ಯಾಟಿಕನ್ನಿನ 2002ರ ಜೂನ್ 29ರ ಆಜ್ಞೆಯಂತೆ ಅಂದು ಪ್ಲೀನರಿ ಇಂಡಲ್ಜೆನ್ಸ್, ಅಂದರೆ ಪಾಪದಂಡದ ಪೂರ್ಣ ವಿನಾಯಿತಿ ಪಡೆಯಲು ಪಾಪನಿವೇದನೆ, ಪರಮಪ್ರಸಾದ, ಪೋಪರ ಉದ್ದೇಶಕ್ಕಾಗಿ ಪ್ರಾರ್ಥನೆ ಬೇಕು, ಯಾವ ಪಾಪದ ಮೇಲೂ ಮೋಹ ಉಳಿದಿರಬಾರದು. ಇವುಗಳ ಜೊತೆಗೆ ಚರ್ಚಿನಲ್ಲಿ ಕರುಣೆಯ ಆರಾಧನೆಯಲ್ಲಿ ಭಾಗವಹಿಸಬೇಕು, ಇಲ್ಲವೇ ಪರಮಪ್ರಸಾದದ ಮುಂದೆ ಪರಲೋಕ ಪ್ರಾರ್ಥನೆ, ವಿಶ್ವಾಸ ಸಂಗ್ರಹ ಹೇಳಿ ‘ಕರುಣಾಮಯಿ ಯೇಸುವೇ, ನಿಮ್ಮಲ್ಲಿ ಭರವಸೆ ಇಟ್ಟಿದ್ದೇನೆ’ ಎಂಬಂಥ ಒಂದು ಮಾತನ್ನು ಸೇರಿಸಬೇಕು. ಪಾಪನಿವೇದನೆ ಮಾತ್ರ ಅದೇ ದಿನ ಆಗಬೇಕೆಂದಿಲ್ಲ, ಹಿಂದೆ ಮುಂದೆ ಸುಮಾರು ಇಪ್ಪತ್ತು ದಿನದೊಳಗೆ ಆದರೂ ನಡೆಯುತ್ತದೆ. ಪವಿತ್ರ ವಾರದಲ್ಲೇ ಮುಗಿಸಿಕೊಂಡವರು ಆ ಭಾನುವಾರ ಆರಾಮಾಗಿ ಪೂಜೆಗೆ ಕೂರಬಹುದು.

ಹಡಗಿನ ಕೆಲಸದವರು ಇರುವ ಮನೆಗಳಿಗೆ ಇನ್ನೊಂದು ವಿಷಯ. ಅದೇ ಆಜ್ಞೆ ಸಮುದ್ರದ ಮೇಲೆ ದುಡಿಯುವವರನ್ನು, ಕಾಯಿಲೆಯವರನ್ನು, ಅವರ ಆರೈಕೆಯಲ್ಲಿರುವವರನ್ನು ಹೆಸರಿಸಿಯೇ ಹೇಳುತ್ತದೆ. ಚರ್ಚಿಗೆ ಹೋಗಲಾರದ ಇವರು ಪಾಪವನ್ನು ಪೂರ್ತಿ ತೊರೆದು, ಉಳಿದ ಷರತ್ತುಗಳನ್ನು ಆದಷ್ಟು ಬೇಗ ಪೂರೈಸುವ ಸಂಕಲ್ಪದಿಂದ, ಕರುಣಾಮಯಿ ಯೇಸುವಿನ ಚಿತ್ರದ ಮುಂದೆ ಅವೇ ಪ್ರಾರ್ಥನೆ ಹೇಳಿದರೆ ಸಾಕು. ಕ್ಯಾಬಿನ್ನಿಗೆ ಗಾಜಿನ ಫ್ರೇಮ್ ಬೇಡ, ಅಂಗೈಯಗಲದ ಲ್ಯಾಮಿನೇಟ್ ಕಾರ್ಡ್ ಕೊಡಿ, ಹಿಂಬದಿಯಲ್ಲಿ ಜಪದ ಪಠ್ಯ ಇರುವಂಥದ್ದು. ಲ್ಯಾಮಿನೇಶನ್ನಿನ ಅಂಚು ಕಾಗದದಿಂದ ಮೂರು ಮಿಲಿಮೀಟರ್ ಆದರೂ ಹೊರಗಿರಲಿ. ಕಾಗದದ ಅಂಚಿಗೇ ಕತ್ತರಿಸಿದ್ದರೆ ಉಪ್ಪುಗಾಳಿಗೆ ಬಾಯಿ ಬಿಡುತ್ತದೆ.

ಉಳಿದ ಸಾಮಾನು: ಚಿತ್ರ ಅಂಟಿಸಿದ ಮೇಣದಬತ್ತಿ ಬೇಡ, ಅರ್ಧ ಉರಿಯುವ ಹೊತ್ತಿಗೆ ಚಿತ್ರಕ್ಕೇ ಬೆಂಕಿ ಹತ್ತುತ್ತದೆ. ಬರೀ ಬಿಳಿ ಮೇಣದಬತ್ತಿಯೇ ಸರಿ. ಬಾಟಲಿಯ ಎಣ್ಣೆ, ಸುಗಂಧ, ಬ್ರೇಸ್‌ಲೆಟ್ ಯಾವುದಕ್ಕೂ ಈ ಭಕ್ತಿಯಲ್ಲಿ ಜಾಗವಿಲ್ಲ. ‘ಆಶೀರ್ವದಿಸಿದ್ದು’ ಎಂದು ಹೆಚ್ಚು ಹಣ ಕೇಳುವ ಕಡೆ ಏನನ್ನೂ ಕೊಳ್ಳಬೇಡಿ. ಆಶೀರ್ವಾದವನ್ನು ಮಾರುವಂತಿಲ್ಲ. ಕೊಂಡ ಮೇಲೆ ನಿಮ್ಮ ಧರ್ಮಕೇಂದ್ರದ ಗುರುಗಳ ಹತ್ತಿರ ಒಯ್ದರೆ ಪೂಜೆ ಮುಗಿದ ಕೂಡಲೇ ಮಾಡಿಕೊಡುತ್ತಾರೆ.

ಹೊಸ ಚಿತ್ರ ಬಂದ ಮೇಲೆ ಹಳೆಯದನ್ನು ಕಸದ 'ಡಬ್ಬಾ'ಕ್ಕೆ ಹಾಕಬಾರದು. ಆಶೀರ್ವಾದ ಪಡೆದ ವಸ್ತುವನ್ನು ಸುಡಬೇಕು ಅಥವಾ ಹೂಳಬೇಕು. ಫ್ಲ್ಯಾಟಿನಲ್ಲಿ ಎರಡೂ ಕಷ್ಟ. ಫ್ರೇಮ್, ಗಾಜು ಬಿಚ್ಚಿ, ಬರೀ ಕಾಗದದ ಚಿತ್ರವನ್ನು ಚರ್ಚಿನ ಆಫೀಸಿನಲ್ಲಿ ಕೇಳಿ ಕೊಡಿ. ಲ್ಯಾಮಿನೇಟ್ ಮಾಡಿದ್ದನ್ನೂ ಪ್ಲಾಸ್ಟಿಕ್ ಜಪಸರವನ್ನೂ ಸುಟ್ಟರೆ ವಿಷದ ಹೊಗೆ ಬರುತ್ತದೆ, ಅವನ್ನು ಬೇರೆ ಕಟ್ಟಿ ಹೂಳಲೆಂದೇ ಕೊಡಿ.